ಅಕ್ಸ್‌ಬ್ರಿಡ್ಜಿನ ನಾಲ್ಕು ಮುಖದವರಿಗೆ, ಒಂದು ಕೆಂಪು ಗುಂಡಿಯ ವಿಷಯವಾಗಿ

ಲಂಡನ್ನಿನ ಅಕ್ಸ್‌ಬ್ರಿಡ್ಜ್ ಪೇಟೆಯ ಚಿತ್ರಮಂದಿರದಲ್ಲಿ, ಹೊರಗೆ ಹೋಗುವ ಬಾಗಿಲಿನ ಎಡಗಡೆ, ಪಾಪ್‌ಕಾರ್ನ್ ಚೆಲ್ಲಿದ ಕಾರ್ಪೆಟ್ಟಿನ ಮೇಲೆ ಒಂಟಿ ಕಾಲಿನಲ್ಲಿ ನಿಂತು, ಹೋಗುವವರೆಲ್ಲರ ಅಭಿಪ್ರಾಯ ಕೇಳುತ್ತಿರುವ ಶ್ರೀ ಯಂತ್ರ ಮಹೋದಯರಿಗೆ ಕಿಂಗ್ಸ್‌ಬರಿಯಿಂದ ಬಸವಂತಪ್ಪ ಕರಡಿಗುಡ್ಡ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಹಾಗೆ ಬರೆಯಲಾಗದ ಪರಿಸ್ಥಿತಿಗೆ ತಾವೇ ಕಾರಣರಾದ್ದರಿಂದ, ಅತ್ತ ತಾವಾದರೂ ಬ್ಯಾಟರಿ ತುಂಬಿಕೊಂಡು, ನಾಲ್ಕೂ ಮುಖಗಳಲ್ಲಿ ಕಳೆಯಿಂದ ಇರುವಿರೆಂದು ನಂಬಿ ಮುಂದುವರಿಯುತ್ತೇನೆ.

ತಮ್ಮ ರೂಪವನ್ನು ತಮಗೇ ವರ್ಣಿಸುವುದು ಅಧಿಕಪ್ರಸಂಗವಾದೀತು. ಆದರೆ ಈ ಪತ್ರ ಬಹಿರಂಗವಾದದ್ದರಿಂದ, ತಮ್ಮ ದರ್ಶನಭಾಗ್ಯ ಇನ್ನೂ ಸಿಗದಿರುವ ಓದುಗರಿಗಾಗಿ ಹೇಳಬೇಕಾಗಿದೆ. ತಮಗೆ ಎದೆಯೆತ್ತರದ ಒಂದು ಕಂಬ, ಕಂಬದ ಮೇಲೊಂದು ಹಲಗೆ, ಹಲಗೆಯಲ್ಲಿ ನಾಲ್ಕು ಗುಂಡಿ, ಗುಂಡಿಗೊಂದು ಮುಖ. ಕಡುಹಸಿರಿನದು ಬಾಯ್ತುಂಬ ನಗುತ್ತದೆ, ತಿಳಿಹಸಿರಿನದು ಮರ್ಯಾದೆಗೆ ನಗುತ್ತದೆ, ಕಿತ್ತಳೆ ಬಣ್ಣದ್ದು ಹುಣಸೆಹಣ್ಣು ಚೀಪಿದಂತೆ ಇರುತ್ತದೆ, ಕೆಂಪಿನದು ಹುಬ್ಬು ಗಂಟಿಕ್ಕಿಕೊಂಡು ಜಗಳಕ್ಕೇ ನಿಂತಿರುತ್ತದೆ. ಇವತ್ತು ನಿಮ್ಮ ಅನುಭವ ಹೇಗಿತ್ತು ಎಂದು ಮೇಲ್ಗಡೆ ಇಂಗ್ಲಿಷಿನಲ್ಲಿ ಬರೆದಿದೆ. ನಮ್ಮಲ್ಲಿಯೂ ನಾಲ್ಕು ಮುಖದವನೊಬ್ಬನಿದ್ದಾನೆ, ಬ್ರಹ್ಮ ಅಂತ. ಕೂಸು ಹುಟ್ಟಿದಾಗ ಹಣೆಯ ಮೇಲೆ ಬರೆಯುವುದು ಅವನ ಕೆಲಸ. ಪಾಪ, ಅವನಿಗೆ ಊರಿಗೊಂದು ಗುಡಿ ಕೂಡ ಇಲ್ಲ. ತಮಗಾದರೋ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ, ಶೌಚಾಲಯದ ಬಾಗಿಲಿನಲ್ಲಿ ಕೂಡ ಪೀಠವಿದೆ. ಅವನು ಬರೆದದ್ದನ್ನು ತಾವು ಒಂದೇ ಒತ್ತಿನಲ್ಲಿ ಅಳಿಸಬಲ್ಲಿರಿ ಎಂಬುದು ಕಳೆದ ತಿಂಗಳ ಒಂದು ಭಾನುವಾರ ನನ್ನ ಅನುಭವಕ್ಕೆ ಬಂದಿದೆ.

ನನ್ನ ಪರಿಚಯ ಹೇಳಿಕೊಳ್ಳುವುದಾದರೆ, ಮೂಲತಃ ಧಾರವಾಡ ಕಡೆಯವನು. ಇಲ್ಲಿಯ ಒಂದು ಕೌನ್ಸಿಲ್ಲಿನ, ಅಂದರೆ ನಮ್ಮ ನಗರಸಭೆಯಂಥದರ, ದೂರು ವಿಭಾಗದಲ್ಲಿ ಕುಳಿತು ಉತ್ತರ ಬರೆಯುತ್ತಾ ಬಹಳ ವರ್ಷಗಳಾದವು. ಕಸದ ಡಬ್ಬಿ ಎತ್ತಲಿಲ್ಲ, ಲಿಫ್ಟ್ ಕೆಟ್ಟು ನಿಂತಿದೆ, ಮೇಲಿನ ಫ್ಲಾಟಿನವರು ಧಪಧಪ ಕುಣಿಯುತ್ತಾರೆ ಎಂದು ಬರೆದವರಿಗೆಲ್ಲ, ನಿಮಗೆ ಹಾಗೆ ಅನಿಸಿದ್ದಕ್ಕೆ ವಿಷಾದಿಸುತ್ತೇವೆ ಎಂದು ಬರೆದು ಬರೆದು ಬೆರಳು ಸವೆದಿದೆ. ಈ ಕಸುಬಿನ ಒಳಗುಟ್ಟೊಂದನ್ನು ತಮ್ಮಂಥ ಸಹೋದ್ಯೋಗಿಗಳಿಗೆ ಹೇಳಲಡ್ಡಿಯಿಲ್ಲ: ಅಭಿಪ್ರಾಯ ಕೊಡದೆ ಸುಮ್ಮನಿದ್ದವರೆಲ್ಲ ತೃಪ್ತರು ಎಂದು ನಮ್ಮಲ್ಲಿ ಲೆಕ್ಕ ಹಿಡಿಯುತ್ತಾರೆ. ಈ ಅನ್ಯಾಯ ನೋಡಿದಂದಿನಿಂದ, ಅಭಿಪ್ರಾಯ ಕೇಳಿದ ಯಾವ ಯಂತ್ರವನ್ನೂ ಉತ್ತರ ಕೊಡದೆ ದಾಟಬಾರದು, ಕೊಟ್ಟರೆ ಖರೇ ಉತ್ತರವನ್ನೇ ಕೊಡಬೇಕು ಎಂದು ವ್ರತ ಹಿಡಿದಿದ್ದೇನೆ. ಸುಡುಗಾಡಿನ ಬಾಗಿಲಲ್ಲಿ ಇಂಥದ್ದೊಂದು ನಿಲ್ಲಿಸಿದರೆ ಅದನ್ನೂ ಒತ್ತಿಯೇ ಒಳಗೆ ಹೋಗುವ ಪೈಕಿ ಈ ಮನುಷ್ಯ ಎಂದು ನನ್ನ ಹೆಂಡತಿ ಗಿರಿಜಾದೇವಿ ಹೇಳುತ್ತಾಳೆ. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮಗೆ ಒಬ್ಬಳೇ ಮಗಳು, ಸೌಜನ್ಯಾ. ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ತಮ್ಮ ಊರಿನ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವಳಿಗೆ ಅನೀಶ್ ಎಂಬ ಹುಡುಗನ ಪರಿಚಯವಾಯಿತು. ಈಗ ಅವನು ಲಿಫ್ಟ್ ರಿಪೇರಿಯ ಕಂಪನಿಯಲ್ಲಿ ಎಂಜಿನಿಯರ್. ಅವನ ತಂದೆ ದೇಜಪ್ಪನವರು ಉಡುಪಿ ಕಡೆಯವರು, ಈಸ್ಟ್ ಹ್ಯಾಮಿನಲ್ಲಿ ಹೋಟೆಲು. ತಾಯಿ ಸ್ವರ್ಣಲತಾ ಅವರು ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾರೆ, ಉಳಿದ ವೇಳೆಯಲ್ಲಿ ಭಜನೆ ಕಲಿಸುತ್ತಾರೆ. ಹುಡುಗ ಹುಡುಗಿ ಒಪ್ಪಿ ಕುಳಿತಾಗಿತ್ತು. ಉಳಿದದ್ದು ದೊಡ್ಡವರು ಒಬ್ಬರನ್ನೊಬ್ಬರು ನೋಡುವ ಶಾಸ್ತ್ರ ಮಾತ್ರ, ಮತ್ತು ತಮ್ಮಂಥವರಿಗೆ ತಿಳಿಯದಿರಬಹುದು, ನಮ್ಮಲ್ಲಿ ಉಳಿದೆಲ್ಲಕ್ಕಿಂತ ಕಷ್ಟದ ಕೆಲಸ ಅದೇ.

ಯಾಕೆಂದರೆ ಯಾರು ಯಾರ ಮನೆಗೆ ಮೊದಲು ಹೋಗಬೇಕು? ನಮ್ಮ ಕಡೆ ಕನ್ಯಾ ನೋಡಲಿಕ್ಕೆ ಗಂಡಿನವರು ಬರಬೇಕು, ಬಂದು ಉಪ್ಪಿಟ್ಟು ಶಿರಾ ತಿನ್ನಬೇಕು. ಮಕ್ಕಳೇ ನೋಡಿಕೊಂಡಾದ ಮೇಲೆ ನೋಡುವುದು ಎಂತದು, ಎಲ್ಲರೂ ನಮ್ಮ ಹೋಟೆಲಿಗೇ ಬಂದು ಒಟ್ಟಿಗೆ ಊಟ ಮಾಡಿ ಎಂದು ಸ್ವರ್ಣಲತಾ ಅವರು ಹೇಳಿ ಕಳಿಸಿದರು. ಪ್ರೀತಿಯಿಂದಲೇ ಹೇಳಿದ್ದರೆಂದು ಈಗ ಅನಿಸುತ್ತದೆ. ಹೆಣ್ಣಿನವರು ತಾವಾಗಿ ಎದ್ದು ಹೋಗುವುದು, ಅದೂ ಹೋಟೆಲಿಗೆ, ಜನ ಏನಂದಾರು ಎಂದು ಗಿರಿಜಾದೇವಿ ಪಟ್ಟು ಹಿಡಿದಳು. ಜನ ಎಂದರೆ ಲಂಡನ್ನಿನಲ್ಲಿ ಯಾರು ಎಂದು ನಾನು ಕೇಳಬಾರದಿತ್ತು, ಕೇಳಿದೆ, ಆ ವಾರವೆಲ್ಲ ಚಹಾ ನಾನೇ ಮಾಡಿಕೊಂಡೆ.

ಕೊನೆಗೆ ಸೌಜನ್ಯಾಳೇ ದಾರಿ ಹುಡುಕಿದಳು. ಇಬ್ಬರ ಮನೆಯೂ ಬೇಡ, ಎಲ್ಲರೂ ಸೇರಿ ಒಂದು ಸಿನಿಮಾ ನೋಡೋಣ, ಮೂರು ತಾಸು ಯಾರೂ ಯಾರಿಗೂ ಏನೂ ಹೇಳುವಂತಿಲ್ಲ, ಅದರಷ್ಟು ಒಳ್ಳೆಯದು ಯಾವುದೂ ಇಲ್ಲ ಎಂದು ಇಂಗ್ಲಿಷಿನಲ್ಲಿ ತಿಳಿಸಿದಳು. ಕಿಂಗ್ಸ್‌ಬರಿಯೂ ಅಲ್ಲದ, ಈಸ್ಟ್ ಹ್ಯಾಮೂ ಅಲ್ಲದ ಜಾಗವೆಂದು ಅಕ್ಸ್‌ಬ್ರಿಡ್ಜನ್ನು ಆರಿಸಿದವನು ನಾನು. ಇದು ನನ್ನ ರಾಜತಂತ್ರವೆಂದು ಬೀಗಿದೆ ಕೂಡ. ಈಸ್ಟ್ ಹ್ಯಾಮಿನವರು ಲಂಡನ್ನಿನ ಈ ತುದಿಯಿಂದ ಆ ತುದಿಗೆ ಬರಬೇಕಾಗುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅವರು ಬಂದರು. ಭಾನುವಾರ ಮಧ್ಯಾಹ್ನ, ಗಿರಾಕಿಗಳು ಬಾಗಿಲಲ್ಲಿ ಸಾಲುಗಟ್ಟುವ ಹೊತ್ತಿನಲ್ಲಿ, ಹೋಟೆಲಿಗೆ ಬಾಗಿಲು ಹಾಕಿ ಬಂದರು. ದೇಜಪ್ಪನವರ ಕೈಯಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬಿ, ಡಬ್ಬಿಯ ತುಂಬ ಬಾಳೆಹಣ್ಣಿನ ಬನ್ಸು, ಇಂಟರ್ವಲ್ಲಿನಲ್ಲಿ ಎಲ್ಲರೂ ಸೇರಿ ತಿನ್ನಲೆಂದು.

ಇಲ್ಲಿ ತಮ್ಮ ಚಿತ್ರಮಂದಿರದ ಒಂದು ಸದ್ಗುಣವನ್ನು ಹೊಗಳಲೇಬೇಕು. ಬೆಳ್ಳಿಪರದೆಯ ಮೇಲೆ ಇಂಟರ್ವಲ್ ಎಂದು ದೊಡ್ಡದಾಗಿ ಬರೆದು, ನಾವು ಎದ್ದು ನಿಲ್ಲುವುದರೊಳಗೆ ಮತ್ತೆ ಗುಂಡು ಹಾರಿಸಲು ಶುರು ಮಾಡುವ ಶಿಸ್ತು ನಾನು ಬೇರೆಲ್ಲೂ ಕಂಡಿಲ್ಲ. ಡಬ್ಬಿಯ ಮುಚ್ಚಳ ಅರ್ಧ ತೆರೆದಿದ್ದ ದೇಜಪ್ಪನವರು ಅದನ್ನು ಮತ್ತೆ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಹೊರಗಿನ ತಿಂಡಿ ತರಬಾರದೆಂಬ ಫಲಕದ ಕೆಳಗೇ ಅವರ ಸೀಟು ಇತ್ತು.

ಚಿತ್ರದ ಹೆಸರು ಬರೆಯುವುದಿಲ್ಲ. ಅದಕ್ಕೆ ಆಗಬೇಕಾದ ನಷ್ಟ ಈಗಾಗಲೇ ಆಗಿದೆಯಂತೆ, ನನ್ನದೂ ಒಂದು ಕಲ್ಲು ಯಾಕೆ. ಕೋಟಿಗಟ್ಟಲೆ ಸುರಿದ ಹಿಂದಿ ಚಿತ್ರ, ಎರಡನೆಯ ಮಹಾಯುದ್ಧ, ಇಟಲಿ ದೇಶ, ನಡುವೆ ಒಂದು ನದಿ. ಈಚೆ ದಡದಲ್ಲಿ ಸೇತುವೆ ಕಟ್ಟುವ ನಮ್ಮ ಪಡೆಯ ನಾಯಕ, ಆಚೆ ದಡದಲ್ಲಿ ನರ್ಸಾದ ನಾಯಕಿ. ಇವನಿಗೆ ಅವಳು ಬೇಕು, ಅವಳಿಗೆ ಇವನು ಬೇಕು, ಇದು ಪಾಪ್‌ಕಾರ್ನ್ ಮಾರುವವನಿಗೂ ಗೊತ್ತು. ಆದರೆ ಇವನು ಹೇಳಲೆಂದು ಬಾಯಿ ತೆರೆದಾಗಲೆಲ್ಲ ಒಂದು ಬಾಂಬು ಬೀಳುತ್ತದೆ, ಬಾಂಬು ಬೀಳದಿದ್ದರೆ ಹಾಡು ಬರುತ್ತದೆ. ಹಿಮ ಸುರಿಯುವಾಗ ತೆಳು ಸೀರೆ, ಕೆಸರಿನಲ್ಲಿ ಬಿದ್ದೆದ್ದರೂ ಇಸ್ತ್ರಿ ಕೆಡದ ಸಮವಸ್ತ್ರ. ಒಂದು ಇಡೀ ಊರನ್ನು ಕಟ್ಟಿಸಿ, ನಾವು ನೋಡಿದೆವೋ ಇಲ್ಲವೋ ಎನ್ನುವಷ್ಟರಲ್ಲಿ ಸುಟ್ಟೂ ಬಿಟ್ಟರು. ಕಟ್ಟಕಡೆಗೆ ಸೇತುವೆ ಮುರಿದು ನೀರಿಗೆ ಬಿದ್ದ ಮೇಲೆ ನಾಯಕ ಬಾಯಿ ಬಿಡುತ್ತಾನೆ, ನದಿಯ ಸದ್ದಿನಲ್ಲಿ ಅದು ಅವಳಿಗೆ ಕೇಳಿಸುವುದಿಲ್ಲ, ಮುಗಿಯಿತು. ಇಷ್ಟೊಂದು ಸೈನ್ಯ, ಟ್ಯಾಂಕು, ಕುದುರೆ, ವಿಮಾನ ಎಲ್ಲ ಇಟ್ಟುಕೊಂಡು ಒಂದೇ ಒಂದು ಮಾತನ್ನು ಆ ದಡಕ್ಕೆ ಮುಟ್ಟಿಸಲಾಗದ ಈ ಮಂದಿಗೆ ಏನೆನ್ನಬೇಕು ಎಂದು ನನಗೆ ಮೈ ಉರಿಯಿತು.

ಆ ಉರಿಯಲ್ಲೇ ಹೊರಗೆ ಬಂದೆ. ತಾವು ಎದುರಾದಿರಿ, ಅನುಭವ ಹೇಗಿತ್ತು ಎಂದು ಕೇಳಿದಿರಿ. ವ್ರತದವನು ನಾನು, ಏನು ಮಾಡಲಿ? ಕೆಂಪು ಗುಂಡಿಯನ್ನು, ಕೌನ್ಸಿಲ್ಲಿನಲ್ಲಿ ಠಸ್ಸೆ ಒತ್ತುವ ಕೈಯಿಂದ, ಗಟ್ಟಿಯಾಗಿ ಒತ್ತಿದೆ. ತಾವಾದರೂ ಸುಮ್ಮನಿರಬಾರದಿತ್ತೇ? ಟಿಣ್ ಎಂದು ಸದ್ದು ಮಾಡಿ, ದೀಪ ಬೆಳಗಿಸಿ, ಧನ್ಯವಾದ ಎಂದಿರಿ. ತಿರುಗಿ ನೋಡಿದರೆ ಬೆನ್ನ ಹಿಂದೆಯೇ ಸ್ವರ್ಣಲತಾ ಅವರು. ಅವರ ಕೈ ತಮ್ಮ ಕಡೆಗೆ ಚಾಚಿ ಗಾಳಿಯಲ್ಲಿ ನಿಂತಿತ್ತು. ಅದು ಕಡುಹಸಿರಿಗೇ ಹೊರಟಿತ್ತೆಂದು ಪಕ್ಕದಲ್ಲಿದ್ದ ಗಿರಿಜಾದೇವಿ ಇವತ್ತಿಗೂ ಆಣೆ ಮಾಡುತ್ತಾಳೆ. ಆ ಕೈ ಒಂದು ಗಳಿಗೆ ಅಲ್ಲೇ ನಿಂತು, ಪಕ್ಕಕ್ಕೆ ಸರಿದು, ಕಿತ್ತಳೆಯ ಮೇಲೆ ಇಳಿಯಿತು. ದೇಜಪ್ಪನವರು ಏನನ್ನೂ ಒತ್ತಲಿಲ್ಲ. ಹೋಟೆಲ್ ತೆಗೆಯಬೇಕು ಎಂದು ಹೇಳಿ, ತೆರೆಯದ ಡಬ್ಬಿಯನ್ನು ಎತ್ತಿಕೊಂಡು ಕಾರು ತರಲು ಹೊರಟರು.

ಇಲ್ಲಿ ತಮಗೆ ನಮ್ಮವರ ಒಂದು ಪದ್ಧತಿಯನ್ನು ತಿಳಿಸದೆ ಹೋದರೆ ತಾವು ಮಾಡಿದ ಅನಾಹುತ ತಮಗೆ ಅರ್ಥವಾಗಲಿಕ್ಕಿಲ್ಲ. ಹೆಣ್ಣು ನೋಡಲು ಹೋದಲ್ಲಿ ಹೌದು ಎಂದೂ ಹೇಳುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ. ಉಪ್ಪಿಟ್ಟು ರುಚಿಯಾಗಿದೆ, ಮನೆಗೆ ಗಾಳಿ ಚೆನ್ನಾಗಿ ಬರುತ್ತದೆ, ಊರಿಗೆ ಹೋಗಿ ತಿಳಿಸುತ್ತೇವೆ, ಇಷ್ಟೇ. ಉಪ್ಪಿಟ್ಟನ್ನು ಎಷ್ಟು ಹೊಗಳಿದರು, ತಟ್ಟೆಯಲ್ಲಿ ಎಷ್ಟು ಬಿಟ್ಟರು ಎಂಬುದರ ಮೇಲೆ ಮಿಕ್ಕದ್ದನ್ನು ನಾವೇ ತಿಳಿದುಕೊಳ್ಳಬೇಕು. ಧಾರವಾಡದವರೂ ಇದರಲ್ಲಿ ಪಳಗಿದವರು, ಉಡುಪಿಯವರೂ ಪಳಗಿದವರು. ಇಂಥ ಎರಡು ಮನೆಯವರನ್ನು ಉಪ್ಪಿಟ್ಟೂ ಇಲ್ಲದೆ, ಬನ್ಸೂ ಇಲ್ಲದೆ, ಒಂದು ಸಿನಿಮಾವನ್ನು ಮಾತ್ರ ಕೈಗೆ ಕೊಟ್ಟು ಮನೆಗೆ ಕಳಿಸಿದ ಮೇಲೆ, ಅವರು ಅಭಿಪ್ರಾಯ ಹೇಳುವುದಾದರೂ ಯಾವುದರ ಬಗ್ಗೆ? ಹೆಣ್ಣಿನ ತಂದೆ, ಗಂಡಿನ ತಾಯಿಯ ಕಣ್ಣೆದುರು, ಹುಬ್ಬು ಗಂಟಿಕ್ಕಿದ ಕೆಂಪು ಮುಖವನ್ನು ಒತ್ತಿ ಹೊರಟುಹೋದ ಎಂದರೆ ಅದಕ್ಕೆ ಎಷ್ಟು ಅರ್ಥಗಳಿವೆ ಹೇಳಿ ನೋಡೋಣ?

ಮುಂದಿನದನ್ನು ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ಕೃಷ್ಣವೇಣಿ ಅವರ ಕೃಪೆಯಿಂದ ಬಲ್ಲೆವು. ಮೈಸೂರಿನ ಹೆಣ್ಣುಮಗಳು, ಯಾರ ಮನಸ್ಸನ್ನೂ ನೋಯಿಸಬಾರದೆಂದು ಎಲ್ಲರ ಮಾತನ್ನೂ ಎಲ್ಲರಿಗೂ ಮುಟ್ಟಿಸುವವರು. ಈಸ್ಟ್ ಹ್ಯಾಮಿನಿಂದ ಬಂದ ಮೊದಲ ಅಭಿಪ್ರಾಯ, ಥಿಯೇಟರು ಭಾರೀ ದೂರ ಆಯ್ತು ಮಾರಾಯ್ತಿ ಎಂದು. ಅಂದರೆ ನಮ್ಮ ಮನೆಯೇ ದೂರ ಆಯ್ತು ಅಂತ ಇರಬೇಕು ಎಂದು ಗಿರಿಜಾದೇವಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು. ಹಾಡು ಭಾಳ ಆದವು, ಕಿವಿ ನೊಂದವು ಎಂದು ಇವಳು ಉತ್ತರ ಕಳಿಸಿದಳು. ಭಜನೆ ಕಲಿಸುವವರ ಮನೆಗೆ ಆ ಮಾತು ಹೇಗೆ ಮುಟ್ಟಿತೋ ದೇವರೇ ಬಲ್ಲ. ಖರ್ಚು ಜೋರು, ಕತೆ ಸಪೂರ ಎಂದು ದೇಜಪ್ಪನವರು ಹೇಳಿದರಂತೆ. ಮದುವೆಗೆಂದು ನಾನು ಹ್ಯಾರೋದಲ್ಲಿ ಒಂದು ದುಬಾರಿ ಹಾಲ್ ವಿಚಾರಿಸಿ ಬಂದದ್ದು ಇವರಿಗೆ ಯಾರು ಹೇಳಿದರು ಎಂದು ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಾನಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಾಯಕ ಒಳ್ಳೆಯವನೇ, ಖರೆ, ಹೇಳಬೇಕಾದ್ದನ್ನು ಹೇಳುವ ಧೈರ್ಯ ಇಲ್ಲ ಎಂದು ಕೃಷ್ಣವೇಣಿಯವರಿಗೆ ಹೇಳಿಬಿಟ್ಟೆ. ಅನೀಶ್ ಮಾತು ಕಡಿಮೆಯ ಹುಡುಗ ಎಂಬುದು ನನಗೆ ನೆನಪಾದದ್ದು ಫೋನ್ ಇಟ್ಟ ಮೇಲೆ. ಮರುದಿನವೇ ಸ್ವರ್ಣಲತಾ ಅವರಿಂದ ಬಂತು: ನಾಯಕಿಯ ಅಪ್ಪನ ಪಾತ್ರ ಮಾತ್ರ ಸ್ವಲ್ಪ ಕಡಿಮೆ ಮಾಡಬಹುದಿತ್ತು. ಆ ಚಿತ್ರದಲ್ಲಿ ನಾಯಕಿಗೆ ಅಪ್ಪನೇ ಇಲ್ಲ, ಮಾನ್ಯರೇ.

ಆಮೇಲೆ ಅಭಿಪ್ರಾಯಗಳು ನಿಂತುಹೋದವು. ಕೂಟದ ವಾಟ್ಸಾಪ್ ಗುಂಪಿನಲ್ಲಿ ಬೇರೆಯವರು ಆ ಚಿತ್ರಕ್ಕೆ ನಕ್ಷತ್ರ ಕೊಟ್ಟುಕೊಂಡು, ಛಾಯಾಗ್ರಹಣ ಅದ್ಭುತ, ಸಂಕಲನ ಬಿಗಿಯಾಗಬೇಕಿತ್ತು ಎಂದು ಬರೆಯುತ್ತಲೇ ಇದ್ದರು. ನಮ್ಮೆರಡು ಮನೆಯವರು ಮಾತ್ರ ನೋಡಿ ಸುಮ್ಮನಾದೆವು. ಸುಮ್ಮನಿದ್ದವರೆಲ್ಲ ತೃಪ್ತರು ಎಂದು ನಮ್ಮ ಆಫೀಸಿನಲ್ಲಿ ಹಿಡಿಯುವುದನ್ನು ಆಗಲೇ ಹೇಳಿದ್ದೇನೆ.

ಇದರಲ್ಲಿ ಸೌಜನ್ಯಾಳ ಪಾಡೇನು ಎಂದು ತಾವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಮೊದಲ ವಾರ ಅವಳು ನಮ್ಮೊಡನೆ ಜಗಳವಾಡಿದಳು, ಇಂಗ್ಲಿಷಿನಲ್ಲಿ, ಬಾಗಿಲು ಬಡಿದು, ಏರುದನಿಯಲ್ಲಿ; ನಮಗೆ ಒಂದು ರೀತಿ ಸಮಾಧಾನವಾಗಿತ್ತು. ಇದು ನಮ್ಮ ಮದುವೆಯೋ ನಿಮ್ಮ ರಿವ್ಯೂವೋ ಎಂದು ಕೇಳಿದಳು. ದೊಡ್ಡವರು ದೊಡ್ಡವರು ಸರಿಮಾಡಿಕೊಂಡ ಹೊರತು ಮುಂದಿನ ಹೆಜ್ಜೆ ಬೇಡ ಎಂದು ಹುಡುಗನೂ ಅಂದನಂತೆ, ಅವನ ತಾಯಿಗೆ ಅಷ್ಟು ನೋವಾಗಿದೆಯಂತೆ. ಎರಡನೆಯ ವಾರದಿಂದ ಅವಳು ಕನ್ನಡದಲ್ಲಿ ಮಾತಾಡಲು ಶುರು ಮಾಡಿದಳು. ಊಟ ಮಾಡು ಎಂದರೆ ಆಯ್ತು. ಹುಷಾರಿದ್ದೀಯಾ ಎಂದರೆ ಹೂಂ. ಅನೀಶ್ ಸಿಕ್ಕಿದ್ದನಾ ಎಂದರೆ ಇಲ್ಲ ಅಪ್ಪಾ. ಇಪ್ಪತ್ತೇಳು ವರ್ಷ ನಾವು ಕನ್ನಡ ಮಾತಾಡು, ಕನ್ನಡ ಮಾತಾಡು ಎಂದು ಬೆನ್ನು ಹತ್ತಿದರೂ ಆಡದ ಹುಡುಗಿ, ಪರಕೀಯರ ಜೊತೆ ಮಾತಾಡುವಂತೆ ನಮ್ಮ ಜೊತೆ ಶುದ್ಧ ಕನ್ನಡ ಮಾತಾಡುತ್ತಾಳೆ. ಗಿರಿಜಾದೇವಿ ಒಂದು ಸಂಜೆ ಕಾಯಿಪಲ್ಯ ಹೆಚ್ಚುತ್ತಾ, ಒಂದು ಸಲ ಇಂಗ್ಲಿಷಿನಲ್ಲಿ ಬೈದುಬಿಡವ್ವಾ ಎಂದು ಬೇಡಿಕೊಂಡಳು. ಹಾಗೇನಿಲ್ಲಮ್ಮಾ ಎಂದು ಮಗಳು ಮೇಲೆ ಹೋದಳು. ಈ ಅನುಭವಕ್ಕೆ ತಮ್ಮಲ್ಲಿ ಯಾವ ಮುಖವಿದೆ?

ಇನ್ನು ಈ ಪತ್ರ ಬರೆಯಲು ತಕ್ಷಣದ ಕಾರಣ. ನನ್ನ ತಾಯಿ ನಾಗವ್ವ ನಮ್ಮ ಜೊತೆಗೇ ಇರುತ್ತಾಳೆ. ಮನೆ ಬಿಟ್ಟು ಹೊರಗೆ ಬರುವವಳಲ್ಲ. ಜೋರು ಸದ್ದಿಗೆ ಹೆದರುತ್ತಾಳೆ, ಕಣ್ಣು ಅಷ್ಟಕ್ಕಷ್ಟೇ, ಹಿಂದಿ ತಿಳಿಯುವುದಿಲ್ಲ. ಮೊಮ್ಮಗಳ ವಿಷಯವೆಂದು ಅಂದು ಇಳಕಲ್ ಸೀರೆ ಉಟ್ಟು ತಾನಾಗಿ ಹೊರಟು ನಿಂತಿದ್ದಳು. ಹುಡುಗ ಹುಡುಗಿ ಪಕ್ಕಪಕ್ಕ ಕೂತರೆ ಚೆನ್ನಾಗಿರುವುದಿಲ್ಲವೆಂದು ಅವರಿಬ್ಬರ ನಡುವೆ ಅವಳನ್ನು ಕೂರಿಸಿದ್ದೆವು. ಚಿತ್ರ ಮುಗಿದ ಮೇಲೆ ಮೆಟ್ಟಿಲು ಇಳಿಯಲಾಗದ್ದರಿಂದ ಅನೀಶ್ ಅವಳನ್ನು ಲಿಫ್ಟಿನಲ್ಲಿ ಬೇರೆ ಬಾಗಿಲಿಗೆ ಕರೆದುಕೊಂಡು ಹೋದ. ಹೀಗಾಗಿ ಅವಳು ತಮ್ಮ ಮುಂದೆ ಹಾಯಲಿಲ್ಲ, ತಾವು ಅವಳ ಅಭಿಪ್ರಾಯ ಕೇಳಲಿಲ್ಲ. ತಮ್ಮನ್ನೇಕೆ ದೂರಲಿ, ಮನೆಯಲ್ಲಿ ನಾವೂ ಕೇಳಲಿಲ್ಲ. ಸಿನಿಮಾ ತಿಳಿಯದ ಮುದುಕಿಯ ಅಭಿಪ್ರಾಯ ಯಾರಿಗೆ ಬೇಕಿತ್ತು?

ಮೊನ್ನೆ ಬೆಳಿಗ್ಗೆ ಚಹಾ ಕುಡಿಯುತ್ತಾ ಅವಳೇ ಕೇಳಿದಳು, ಆ ಬೆಚ್ಚನ ಕೈ ಹುಡುಗ ಯಾಕ ಬರವಲ್ಲ? ಯಾವ ಹುಡುಗ ಎಂದೆ. ಮೊದಲ ಬಾಂಬು ಬಿದ್ದಾಗ ಎದೆ ಧಸಕ್ಕೆಂದು ಪಕ್ಕದಲ್ಲಿದ್ದವನ ಕೈ ಹಿಡಿದಳಂತೆ. ಬಿಡಲಿಕ್ಕೆ ಧೈರ್ಯ ಬರಲಿಲ್ಲವಂತೆ, ಒಂದರ ಹಿಂದೆ ಒಂದು ಬೀಳುತ್ತಲೇ ಇದ್ದವಲ್ಲ. ಅವನು ಕೈ ಎಳೆದುಕೊಳ್ಳಲಿಲ್ಲವಂತೆ. ಪಾಪ್‌ಕಾರ್ನ್ ತಿನ್ನಲಿಲ್ಲ, ಫೋನ್ ನೋಡಲಿಲ್ಲ, ಇನ್ನೊಂದು ಕೈ ತಂದು ಅವಳ ಕೈ ಮೇಲೆ ಇಟ್ಟುಕೊಂಡು ಸಿನಿಮಾ ಮುಗಿಯುವ ತನಕ ಕೂತಿದ್ದನಂತೆ. ಬಾಂಬು ಬೀಳುವ ಮೊದಲು, ಈಗ ಬೀಳ್ತದೆ ಅಜ್ಜಿ ಎಂದು ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದನಂತೆ. ಸಿನಿಮಾ ಹೆಂಗಿತ್ತವ್ವಾ ಎಂದು ಕೊನೆಗೂ ಕೇಳಿದೆ. ಸಿನಿಮಾ ಯಾರು ನೋಡ್ಯಾರ, ಹುಡುಗ ಛಲೋ ಅದಾನ ಎಂದಳು.

ಮೂರು ತಾಸಿನ ಆ ಚಿತ್ರದಲ್ಲಿ ನೋಡುವಂಥದ್ದು ಒಂದೇ ಒಂದಿತ್ತು, ಅದು ನನ್ನ ಪಕ್ಕದ ಸಾಲಿನಲ್ಲೇ ನಡೆಯುತ್ತಿತ್ತು, ನಾನು ಪರದೆ ನೋಡುತ್ತಾ ಹಲ್ಲು ಕಡಿಯುತ್ತಿದ್ದೆ. ಅಂದು ಸ್ವರ್ಣಲತಾ ಅವರು ಹೋಟೆಲಿಗೆ ಬಾಗಿಲು ಹಾಕಿ ಬಂದದ್ದೇ ಅವರ ಒಪ್ಪಿಗೆಯಾಗಿತ್ತು, ನನ್ನ ತಾಯಿ ಇಳಕಲ್ ಸೀರೆ ಉಟ್ಟದ್ದೇ ನಮ್ಮ ಒಪ್ಪಿಗೆಯಾಗಿತ್ತು. ಇಷ್ಟನ್ನು ಓದಿಕೊಳ್ಳಲು ಬಾರದ ನಾನು ದೂರು ವಿಭಾಗದ ಹಿರಿಯ ಅಧಿಕಾರಿ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ಆ ಭಾನುವಾರ ಸಂಜೆ ಬಿದ್ದ ಕೆಂಪು ಒತ್ತುಗಳಲ್ಲಿ ನನ್ನದನ್ನು, ಅದು ಎಲ್ಲಕ್ಕಿಂತ ಗಟ್ಟಿಯಾಗಿದ್ದದ್ದು, ಗುರುತಿಸಿ ಹಿಂದಕ್ಕೆ ಕೊಡಬೇಕು. ಹಾಗೆಯೇ ಅದರ ಬೆನ್ನಿಗೇ ಬಿದ್ದ ಕಿತ್ತಳೆಯನ್ನು, ಅದು ಹೊರಟಿದ್ದ ಜಾಗಕ್ಕೆ ಸೇರಿಸಬೇಕು. ತಮ್ಮ ಹಲಗೆಯ ಮೇಲೆ ಐದನೆಯದೊಂದು ಗುಂಡಿ ಮಾಡಿಸಿ, ಚಿತ್ರ ಕೆಟ್ಟದು ಆದರೆ ಹುಡುಗ ಒಳ್ಳೆಯವನು ಎಂಬ ಅರ್ಥ ಬರುವ ಮುಖವೊಂದನ್ನು ಬರೆಸಬೇಕು; ಮಾದರಿ ಬೇಕಿದ್ದರೆ ನನ್ನ ತಾಯಿ ಕೂರುತ್ತಾಳೆ, ಅವಳಿಗೆ ಎತ್ತರ ನಿಲುಕುವಂತೆ ಕಂಬ ಸ್ವಲ್ಪ ತಗ್ಗಿಸಿದರೆ ಒಳ್ಳೆಯದು. ಇದ್ಯಾವುದೂ ಆಗದಿದ್ದರೆ ತಾವೇ ಖುದ್ದಾಗಿ ಮೆಟ್ರೊಪಾಲಿಟನ್ ಲೈನಿನ ರೈಲಿನಲ್ಲಿ ಹೊರಟು, ನಡುವೆ ಇನ್ನೊಂದು ರೈಲಿಗೆ ಬದಲಾಯಿಸಿಕೊಂಡು, ಅಲ್ಲಿ ಎಸ್ಕಲೇಟರಿನಲ್ಲಿ ತಮ್ಮ ಒಂಟಿ ಕಾಲು ಜೋಪಾನ, ಈಸ್ಟ್ ಹ್ಯಾಮಿನಲ್ಲಿ ಇಳಿದು, ದೇಜಪ್ಪನವರ ಹೋಟೆಲಿನಲ್ಲಿ ಕೈ ತೊಳೆಯುವ ಬೇಸಿನ್ನಿನ ಪಕ್ಕ ನಿಂತು, ಆ ಕೆಂಪು ಮುಖ ಸಿನಿಮಾಕ್ಕೆ ಸೇರಿದ್ದು ಎಂದು ಗಲ್ಲೆಯಲ್ಲಿ ಕುಳಿತವರಿಗೆ ಕೇಳುವಂತೆ ಸಾಕ್ಷಿ ಹೇಳಬೇಕು.

ಇಷ್ಟೆಲ್ಲ ತಮ್ಮಿಂದ ಆಗದು ಎಂದು ನನಗೂ ಗೊತ್ತಿದೆ. ನಿಮಗೆ ಹಾಗೆ ಅನಿಸಿದ್ದಕ್ಕೆ ವಿಷಾದಿಸುತ್ತೇವೆ ಎಂಬ ವಾಕ್ಯ ತಮ್ಮ ಕಡೆಯಿಂದ ಬರಲಿದೆ ಎಂದೂ ಗೊತ್ತಿದೆ, ಅದನ್ನು ನಾನು ತಮಗಿಂತ ಚೆನ್ನಾಗಿ ಬರೆಯುತ್ತೇನೆ. ಅಷ್ಟು ದೊಡ್ಡ ಸೈನ್ಯವಿದ್ದೂ ಆಚೆ ದಡಕ್ಕೆ ಒಂದು ಮಾತು ಮುಟ್ಟಿಸಲಾಗದ ನಾಯಕನನ್ನು ಬೈದವನು ನಾನು. ಕಿಂಗ್ಸ್‌ಬರಿಯಿಂದ ಈಸ್ಟ್ ಹ್ಯಾಮಿಗೆ ನನ್ನ ಬಳಿ ಎರಡು ರೈಲು, ಮೂರು ಫೋನು, ಒಬ್ಬ ಕೃಷ್ಣವೇಣಿ ಇದ್ದಾರೆ. ಆದ್ದರಿಂದ ನಮ್ಮವರ ಪದ್ಧತಿಯನ್ನು ಮುರಿದು, ನಡುವೆ ಬಾಂಬಾಗಲಿ ಹಾಡಾಗಲಿ ಬರುವ ಮೊದಲು, ಇದನ್ನು ಇಲ್ಲೇ ಬರೆದುಬಿಡುತ್ತೇನೆ: ಹುಡುಗ ನಮಗೆ ಒಪ್ಪಿಗೆ. ಹುಡುಗನ ತಂದೆ ತಾಯಿಯೂ ಒಪ್ಪಿಗೆ. ಅಂದು ತಮ್ಮೆದುರು ಹಾಗೆ ಕೈ ಆಡಿಸಿದ್ದು ನನ್ನ ತಪ್ಪು.

ಈ ಪತ್ರ ಕೂಟದ ದೀಪಾವಳಿ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಸ್ವರ್ಣಲತಾ ಅವರು ಆ ಸಂಚಿಕೆಯನ್ನು ಜಾಹೀರಾತು ಕೂಡ ಬಿಡದೆ ಓದುತ್ತಾರೆಂದು ಕೇಳಿದ್ದೇನೆ. ಅದು ಕಾಕತಾಳೀಯ, ಪತ್ರ ಬರೆದದ್ದು ತಮಗೇ. ದೀಪಾವಳಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ನಾವು ಮೂವರು, ತಾಯಿಯನ್ನೂ ಕರೆದುಕೊಂಡು, ಹೆಣ್ಣಿನವರು ತಾವಾಗಿ ಎದ್ದು, ಈಸ್ಟ್ ಹ್ಯಾಮಿನ ಹೋಟೆಲಿಗೆ ಬರುವವರಿದ್ದೇವೆ. ಇದು ಗಿರಿಜಾದೇವಿಯದೇ ತೀರ್ಮಾನ. ಜನ ಏನಂದಾರು ಎಂದು ಈ ಸಲ ನಾನು ಕೇಳಿದ್ದಕ್ಕೆ, ಸುಡಲಿ ಬಿಡ್ರಿ ಜನರನ್ನ ಎಂದಳು. ಉಪ್ಪಿಟ್ಟು ಶಿರಾ ನಾವು ತರುತ್ತೇವೆ, ಬನ್ಸು ಅಲ್ಲಿಯದು. ಹೋಟೆಲಿಗೆ ಬಾಗಿಲು ಹಾಕುವುದು ಬೇಡ, ಗಿರಾಕಿಗಳ ಜೊತೆಗೇ ಕೂತು ತಿನ್ನುತ್ತೇವೆ.

ತಮ್ಮ ನಾಲ್ಕೂ ಮುಖಗಳಿಗೆ ನಮಸ್ಕರಿಸಿ, ಐದನೆಯದರ ನಿರೀಕ್ಷೆಯಲ್ಲಿ, ಇಷ್ಟಾದರೂ

ತಮ್ಮ ವಿಶ್ವಾಸಿಯೇ ಆಗಿರುವ,
ಬಸವಂತಪ್ಪ ಕರಡಿಗುಡ್ಡ
ಕಿಂಗ್ಸ್‌ಬರಿ

ತಾ.ಕ.: ಈ ವಿಷಯವಾಗಿ ತಮ್ಮ ಮ್ಯಾನೇಜರ್ ಸಾಹೇಬರಿಗೂ ಮೊದಲೇ ಬರೆದಿದ್ದೆ. ಅವರು ಬಹಳ ನೊಂದುಕೊಂಡು, ನನ್ನ ನೋವಿಗೆ ಪರಿಹಾರವಾಗಿ ಎರಡು ಬಿಟ್ಟಿ ಟಿಕೆಟ್ ಕಳಿಸಿದರು, ಅದೇ ಚಿತ್ರಕ್ಕೆ. ದೂರು ವಿಭಾಗದಲ್ಲಿ ಇಷ್ಟು ವರ್ಷ ಕುಳಿತರೂ ನನಗೆ ಇಂಥ ಉತ್ತರ ಹೊಳೆದಿರಲಿಲ್ಲ. ಟಿಕೆಟ್ಟುಗಳನ್ನು ಸೌಜನ್ಯಾಳ ಕೈಗೆ ಕೊಟ್ಟು, ಈಸ್ಟ್ ಹ್ಯಾಮಿಗೆ ಫೋನ್ ಮಾಡಿ ಹುಡುಗನನ್ನೂ ಕರಕೊಂಡು ಹೋಗು, ನಡುವೆ ಅಜ್ಜಿ ಇರುವುದಿಲ್ಲ ಎಂದೆ. ನಿನ್ನೆ ಹೋಗಿ ಬಂದರು. ಒಳಗೆ ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲವಂತೆ. ಮನೆಗೆ ಬಂದು ಬೂಟು ಕಳಚುತ್ತಿದ್ದ ಮಗಳನ್ನು, ಹೆಂಗಿತ್ತವ್ವಾ ಸಿನಿಮಾ ಎಂದು ಹೆದರಿ ಹೆದರಿ ಕೇಳಿದೆ. ಆ್ಯಬ್ಸೊಲ್ಯೂಟ್ಲಿ ಟೆರಿಬಲ್, ಡ್ಯಾಡ್ ಎಂದಳು. ಇಂಗ್ಲಿಷಿನಲ್ಲಿ, ಮಾನ್ಯರೇ! ದಯವಿಟ್ಟು ಇದನ್ನು ಕಡುಹಸಿರಿನಲ್ಲಿ ದಾಖಲಿಸಿಕೊಳ್ಳತಕ್ಕದ್ದು.